ಗ್ರೀನ್ ಕಾರ್ಡ್ ಇದ್ದೂ ಊರಿನ ತೋಟದ ಆದಾಯ ತೋರಿಸದಿದ್ದರೆ

ವಿರಾಜಪೇಟೆಯ ತೋಟದಲ್ಲಿ ಮಗನ ಪಾಲಿಗೆ ಬಂದ ಕಾಫಿ ದುಡ್ಡನ್ನು ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ತೋರಿಸಿಲ್ಲ, ಈಗ ಪೌರತ್ವಕ್ಕೆ ಅರ್ಜಿ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಅರ್ಜಿ. ಕೃಷಿ ಆದಾಯಕ್ಕೆ ಇಲ್ಲಿ ಇರುವ ವಿನಾಯಿತಿ ಅಲ್ಲಿ ನಡೆಯಲ್ಲ. ಗ್ರೀನ್ ಕಾರ್ಡ್ ಇರುವವರು ಯಾವ ದೇಶದಲ್ಲಿ ಬಂದ ಆದಾಯವನ್ನಾದರೂ ತೋರಿಸಲೇಬೇಕು. ಜಮ್ಮಾ ಜಾಗ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಕುಟುಂಬದ ಜಮೀನು), ಆರ್‌ಟಿಸಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿದೆ ಅಂತ ಸುಮ್ಮನಿರಬೇಡಿ, ಕಾಫಿ ಮಾರಿದ ಹಣದಲ್ಲಿ ಮಗನ ಪಾಲು ಎಷ್ಟು, ಯಾವ ಖಾತೆಗೆ ಹೋಗಿದೆ ಅನ್ನೋ ಚೀಟಿಗಳನ್ನು ಈಗಲೇ ಒಟ್ಟು ಮಾಡಿ. ಬಿಟ್ಟುಹೋದ ವರ್ಷಗಳಿಗೆ ಹಳೆಯ ರಿಟರ್ನ್ ತಿದ್ದುವ 1040-ಎಕ್ಸ್ ಫಾರ್ಮ್ ಸಲ್ಲಿಸಲಿ. ಪೌರತ್ವದ ಎನ್-400 ಅರ್ಜಿಯಲ್ಲೇ ತೆರಿಗೆ ಬಾಕಿ ಇದೆಯಾ ಅನ್ನೋ ಪ್ರಶ್ನೆ ಇದೆ, ಸುಳ್ಳು ಹೇಳಿದರೆ ಬಾಕಿಗಿಂತ ಅದೇ ದೊಡ್ಡ ತೊಂದರೆ. ಒಟ್ಟಿಗೆ ಕಟ್ಟಲು ಆಗದಿದ್ದರೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಜೊತೆ ಕಂತಿನ ಒಪ್ಪಂದ ಮಾಡಿಕೊಂಡು, ಅದರ ಪತ್ರ ಮತ್ತು ಕಟ್ಟಿದ ರಸೀದಿಗಳನ್ನು ಸಂದರ್ಶನಕ್ಕೆ ಒಯ್ಯಲಿ.