ಪಾರ್ಕಿನ್ಸನ್ ಮಾತ್ರೆ ಮತ್ತು ರಮ್ಮಿ ಗೀಳು

ಪಾರ್ಕಿನ್ಸನ್‌ಗೆ ಪ್ರಮಿಪೆಕ್ಸೋಲ್ ಶುರುವಾದ ಮೇಲೆ ಅಪ್ಪ ರಮ್ಮಿಗೆ ದುಡ್ಡು ಸುರಿಯುತ್ತಿದ್ದಾರೆ, ಇದು ಮಾತ್ರೆಯಿಂದಲೇ ಇರಬಹುದಾ ಎಂದು ಕೇಳಿದ್ದೀರಿ. ಖಂಡಿತ ಇರಬಹುದು. ದಯವಿಟ್ಟು ಅವರನ್ನು ಬೈಯಬೇಡಿ. ಪ್ರಮಿಪೆಕ್ಸೋಲ್ ಮತ್ತು ಅದೇ ಗುಂಪಿನ ರೋಪಿನಿರೋಲ್ ಮಾತ್ರೆಗಳು ಮೆದುಳಿನ ಡಿ3 ಗ್ರಾಹಕಗಳನ್ನು (ಆಸೆ-ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಂದು ಕೂಡುವ ಜಾಗ) ಕೆರಳಿಸುತ್ತವೆ. ಗೆಲುವಿನ ಸೆಳೆತ ಹೆಚ್ಚುತ್ತದೆ, ಸೋಲು ಪಾಠ ಕಲಿಸುವುದಿಲ್ಲ. 2010ರಲ್ಲಿ ಪ್ರಕಟವಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲಿ 5% ಜನರಿಗೆ ಜೂಜಿನ ತೊಂದರೆ ಕಂಡಿತ್ತು. ಕಡಿಮೆ ವಯಸ್ಸು, ಧೂಮಪಾನ, ಮನೆಯಲ್ಲಿ ಯಾರಿಗಾದರೂ ಜೂಜಿನ ಚಟ ಇದ್ದದ್ದು ಅಪಾಯವನ್ನು ಏರಿಸುತ್ತವೆ.

ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ! ಥಟ್ಟನೆ ಬಿಟ್ಟರೆ ವಿಪರೀತ ಆತಂಕ, ಖಿನ್ನತೆ, ಮೈ ಬಿಗಿತ ಬರಬಹುದು. ಆಟ ಶುರುವಾದ ದಿನ, ಡೋಸ್ ಏರಿಸಿದ ದಿನ ಎರಡನ್ನೂ ಬರೆದುಕೊಂಡು ಇದೇ ವಾರ ನರರೋಗ ತಜ್ಞರಿಗೆ ತೋರಿಸಿ. ಅವರು ಹಂತಹಂತವಾಗಿ ಇಳಿಸಿ, ಬೇಕಿದ್ದರೆ ಪಾರ್ಕಿನ್ಸನ್ನಿನ ಇನ್ನೊಂದು ಔಷಧಿ ಲೆವೊಡೋಪಾ ಹೊಂದಿಸುತ್ತಾರೆ. ಅಲ್ಲಿಯವರೆಗೆ ಅಪ್ಪನನ್ನು ಒಪ್ಪಿಸಿ ಯುಪಿಐ ಮಿತಿ ತಗ್ಗಿಸಿ.