ಟೊರೀನೋದಲ್ಲಿ ಹಳೇ ಆಲ್ಫಾ ಕೊಳ್ಳುವ ಮುಂಚೆ

ನಿಮ್ಮ ಪತ್ರ ಓದಿದೆ. ಓದು ಮುಗಿದು ಟೊರೀನೋದಲ್ಲೇ ಕೆಲಸ ಸಿಕ್ಕಿದೆ, ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ, ಹಳೇ ಆಲ್ಫಾ ರೋಮಿಯೋ ಸ್ಪೈಡರ್, ಅಂದರೆ ಟಾಪ್ ತೆಗೆಯುವ ಕಾರು, ತಗೊಳ್ಳುವ ಆಸೆ ಇದೆ ಅಂದಿದ್ದೀರಿ. ಇಲ್ಲಿನ ಹಳೇ ಕಾರಿನ ಮಂದಿ ಹೊರಗಿನವರನ್ನು ಹತ್ತಿರ ಸೇರಿಸುತ್ತಾರಾ, ಭಾಷೆ ಅರ್ಧಂಬರ್ಧ ಬರುವವನಿಗೆ ಟೋಪಿ ಹಾಕುತ್ತಾರಾ, ನಾಳೆ ಜರ್ಮನಿಗೋ ಇನ್ನೆಲ್ಲಿಗೋ ಹೊರಟರೆ ಗಾಡಿ ಮಾರಲು ಆಗುತ್ತದಾ ಅಂತ ಕೇಳಿದ್ದೀರಿ.

ನೀವು ಕೇಳದೇ ಇರುವ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ಲೈಸೆನ್ಸ್. ಇಲ್ಲಿ ರೆಸಿಡೆನ್ಸಿ ಆದ ಮೇಲೆ ಭಾರತದ ಲೈಸೆನ್ಸ್ ಒಂದು ವರ್ಷ ಮಾತ್ರ ನಡೆಯುತ್ತದೆ. ಅದನ್ನು ಕೊಟ್ಟು ಇಟಲಿಯ ಲೈಸೆನ್ಸ್ ಪಡೆಯುವ ಒಪ್ಪಂದ ನಮಗಿಲ್ಲ. ಹೊಸದಾಗಿ ಪರೀಕ್ಷೆ ಬರೆಯಬೇಕು, ಅದೂ ಇಟಾಲಿಯನ್‌ನಲ್ಲಿ. 30 ಪ್ರಶ್ನೆ, 20 ನಿಮಿಷ, 3ಕ್ಕಿಂತ ಜಾಸ್ತಿ ತಪ್ಪಾದರೆ ಫೇಲು. ಪಾಸಾದ ಮೇಲೂ ಮೊದಲ 3 ವರ್ಷ ನೀವು ಹೊಸ ಡ್ರೈವರ್. ಊರಲ್ಲಿ ಘಾಟಿ ರಸ್ತೆ ಓಡಿಸಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. 2024ರ ಡಿಸೆಂಬರ್‌ನಿಂದ ಇರುವ ನಿಯಮದಂತೆ, ಟನ್ನಿಗೆ 75 ಕಿಲೋವ್ಯಾಟ್ ಅಥವಾ ಒಟ್ಟು 105 ಕಿಲೋವ್ಯಾಟ್ ಮೀರಿದ ಕಾರನ್ನು ಹೊಸ ಡ್ರೈವರ್ ಓಡಿಸುವಂತಿಲ್ಲ.

ಹಳೇ ಇಟಾಲಿಯನ್ ಗಾಡಿಗಳು ಸಿಕ್ಕಿಬೀಳುವುದು ಇಲ್ಲೇ. ಎಂಜಿನ್ ದೊಡ್ಡದೇನಲ್ಲ, ಆದರೆ ಗಾಡಿಯೇ ಹಗುರ. 2000 ಸ್ಪೈಡರ್ ವೆಲೋಚೆ ಅನ್ನುವ ಮಾಡೆಲ್ ಸುಮಾರು ಒಂದು ಟನ್ ತೂಕ, 97 ಕಿಲೋವ್ಯಾಟ್ ಶಕ್ತಿ. ಟನ್ನಿಗೆ 75ರ ಮಿತಿ ದಾಟಿತು, ಹಾಗಾಗಿ ಅದು ನಿಮಗೆ ಸದ್ಯಕ್ಕಿಲ್ಲ. ಸ್ಪೈಡರ್‌ನದೇ ಸಣ್ಣ ಎಂಜಿನ್ನಿನ ಮಾಡೆಲ್ 1300 ಜೂನಿಯರ್ ಮಿತಿಯೊಳಗೆ ಬರುತ್ತದೆ. ಲಾನ್ಚಾ ಕಂಪನಿಯ ಫುಲ್ವಿಯಾ ಕೂಪೆ 1.3 ಕೂಡ ಬರುತ್ತದೆ. ನನ್ನನ್ನು ಕೇಳಿದರೆ ಮೊದಲ ಗಾಡಿಗೆ ಫುಲ್ವಿಯಾನೇ ಒಳ್ಳೆಯದು. 1972ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ವಂಶ, ಹುಟ್ಟೂರು ಇದೇ ಟೊರೀನೋ. ಸ್ಪೈಡರ್‌ಗಿಂತ ಫುಲ್ವಿಯಾ ಕಾರು ತಿಳಿದವರ ಕೈಯಲ್ಲಿ ಬೆಳೆದಿರುವುದೇ ಜಾಸ್ತಿ. ಸ್ಪೈಡರ್ ಬೇಸಿಗೆ ಶೋಕಿಗೆ ಅಂತ ಕೊಂಡು ಚಳಿಗಾಲ ಪೂರ್ತಿ ಮರೆತುಬಿಟ್ಟವರು ತುಂಬಾ ಇದ್ದಾರೆ.

ಈಗ ನಿಮ್ಮ ಮೊದಲ ಪ್ರಶ್ನೆ. ಸೇರಿಸುತ್ತಾರೆ. ಆದರೆ ದುಡ್ಡು ಹಿಡಿದುಕೊಂಡು ಹೋದವನನ್ನಲ್ಲ, ಸುಮ್ನೆ ಬಂದು ನಿಂತವನನ್ನು. ಒಳ್ಳೇ ಗಾಡಿಗಳು ಜಾಹೀರಾತಿಗೆ ಬರುವುದೇ ಅಪರೂಪ. ಒಬ್ಬರಿಗೆ ವಯಸ್ಸಾಯಿತು, ಕ್ಲಚ್ ತುಳಿಯಲು ಮಂಡಿ ಬಿಡುತ್ತಿಲ್ಲ ಅನ್ನುವ ಸುದ್ದಿ ಕ್ಲಬ್ಬಿನಲ್ಲಿ ಮೊದಲು ಓಡಾಡುತ್ತದೆ. ಜಾಹೀರಾತು ಹಾಕುವಷ್ಟರಲ್ಲಿ ಗಾಡಿ ಕೈ ಬದಲಾಗಿರುತ್ತದೆ. ಆದ್ದರಿಂದ ಕಾರಿಗಿಂತ ಮೊದಲು ಕ್ಲಬ್ಬು. ಹಳೇ ವಾಹನಗಳ ರಾಷ್ಟ್ರೀಯ ಒಕ್ಕೂಟ ಆಸಿ 1966ರಿಂದ ಇದೆ, ಕೇಂದ್ರ ಕಚೇರಿ ನಿಮ್ಮ ಟೊರೀನೋದಲ್ಲೇ. ಅದಕ್ಕೆ ಸೇರಿದ ಕ್ಲಬ್ಬು ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಸಿಗುತ್ತದೆ. ಮೆಂಬರ್ ಆಗಲು ಕಾರು ಇರಲೇಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಭಾನುವಾರದ ರಡೂನೋಗೆ, ಅಂದರೆ ಎಲ್ಲರೂ ಗಾಡಿ ತಂದು ಸೇರುವ ಕೂಟಕ್ಕೆ ಹೋಗಿ. ಪಕ್ಕದ ಸೀಟಿನಲ್ಲಿ ಕೂರಲು ಜನ ಬೇಕಾಗಿರುತ್ತದೆ. ಇಲ್ಲಿನ ಅಜ್ಜಂದಿರಲ್ಲಿ ಎಷ್ಟೋ ಜನ ಫಿಯಾಟ್, ಲಾನ್ಚಾ ಕಾರ್ಖಾನೆಗಳಲ್ಲಿ ದುಡಿದವರು. ಸ್ಪೈಡರ್ ಬಾಡಿ ಕಟ್ಟುತ್ತಿದ್ದ ಪಿನಿನ್‌ಫರೀನಾ ಕಾರ್ಖಾನೆ ಇದ್ದದ್ದೂ ಪಕ್ಕದ ಗ್ರುಲಿಯಾಸ್ಕೋದಲ್ಲೇ. ನೀವು ಒಂದು ಪ್ರಶ್ನೆ ಕೇಳಿದರೆ ಸಾಕು, ಅವರು ಅರ್ಧ ದಿನ ಮಾತಾಡುತ್ತಾರೆ. ನಿಮ್ಮ ಇಟಾಲಿಯನ್ನೂ ಸುಧಾರಿಸುತ್ತದೆ.

ನಾನು ಫುಲ್ವಿಯಾ ಕೊಂಡದ್ದು ಇಂಥ ಒಬ್ಬರಿಂದ. ಗಾಡಿ ತೋರಿಸುವ ಮೊದಲು ಅವರು ಒಂದು ದಪ್ಪ ಫೈಲು ಬಿಚ್ಚಿದರು. ಪೆಟ್ರೋಲ್ ಪಂಪಿನ ಕ್ಯಾಲೆಂಡರ್ ಹಾಳೆಯ ಹಿಂದೆ ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರು. ಬ್ರೇಕ್ ಪ್ಯಾಡ್ ಬಿಲ್ಲು, ಅದರ ಮೇಲೆ ಗ್ರೀಸ್ ಹತ್ತಿದ ಹೆಬ್ಬೆಟ್ಟು. ಆಮೇಲೆ ಅವರೇ ನನ್ನ ಸಂದರ್ಶನ ಮಾಡಿದರು. ರಾತ್ರಿ ಎಲ್ಲಿ ನಿಲ್ಲಿಸುತ್ತೀಯ? ಬೀದಿಯಲ್ಲಾ, ಗ್ಯಾರೇಜಿನಲ್ಲಾ? ಚಳಿಗಾಲದಲ್ಲಿ ಉಪ್ಪು ಚೆಲ್ಲಿದ ರಸ್ತೆಗೆ ಇಳಿಸುತ್ತೀಯಾ? ಬೆಲೆಯ ಮಾತು ಬಂದದ್ದು ಕಟ್ಟಕಡೆಗೆ. ಹೊಳೆಯುವ ಬಣ್ಣಕ್ಕಿಂತ ಅಂಥ ಫೈಲಿಗೆ ಜಾಸ್ತಿ ದುಡ್ಡು ಕೊಡಿ. ಹೊಸ ಪೇಂಟ್ ಹೊಡೆದು, ಹೊಸ ಸೀಟು ಹಾಕಿ, ಒಂದೇ ಒಂದು ಬಿಲ್ಲೂ ಇಲ್ಲದ ಗಾಡಿಯನ್ನು ನಾನಂತೂ ಮುಟ್ಟುವುದಿಲ್ಲ.

ಟೋಪಿ ಹಾಕುತ್ತಾರಾ? ಹಾಕುವವರು ಇದ್ದಾರೆ, ಆದರೆ ಹೊರಗಿನವನು ಅಂತ ಅಲ್ಲ. ಕಾಗದ ನೋಡದೆ ಕೊಳ್ಳುವ ಯಾರಿಗಾದರೂ ಹಾಕುತ್ತಾರೆ. ನಂಬರ್ ಪ್ಲೇಟ್ ಗೊತ್ತಿದ್ದರೆ ವಾಹನ ನೋಂದಣಿಯ ದಾಖಲೆ, ಅಂದರೆ ಪ್ರಾ ವಿಸೂರಾ, ಯಾರು ಬೇಕಾದರೂ ತೆಗೆಸಬಹುದು. ಕೆಲವೇ ಯೂರೋ ಖರ್ಚು. ಮಾಲೀಕ ಯಾರು, ಸಾಲ ಇದೆಯಾ, ದಂಡ ಕಟ್ಟದೆ ಸರ್ಕಾರ ಗಾಡಿಗೆ ತಡೆ ಹಾಕಿದೆಯಾ, ಎಲ್ಲ ಅದರಲ್ಲಿರುತ್ತದೆ. ತಡೆ ಇರುವ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಹಳ್ಳಿ ಕೊಟ್ಟಿಗೆಯಲ್ಲಿ ಅಗ್ಗಕ್ಕೆ ಸಿಗುವ ಗಾಡಿಗಳ ಹೆಸರು ಎಷ್ಟೋ ಸಲ ನೋಂದಣಿಯಿಂದಲೇ ಹೊಡೆದುಹೋಗಿರುತ್ತದೆ. ಮತ್ತೆ ನೋಂದಾಯಿಸಬಹುದು, ಆದರೆ ಆ ಓಡಾಟ ಮೊದಲ ಗಾಡಿಗೆ ಬೇಡ. 1985ರವರೆಗೆ ಕೊಡುತ್ತಿದ್ದ ಕಪ್ಪು ಪ್ಲೇಟು, ಮೂಲ ಲಿಬ್ರೆಟ್ಟೋ (ಗಾಡಿಯ ನೋಂದಣಿ ಪುಸ್ತಕ) ಎರಡೂ ಇದ್ದರೆ ಬೆಲೆ ಏರುತ್ತದೆ. ಅದು ನ್ಯಾಯವೇ.

ಇನ್ನು ತುಕ್ಕು. ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆಲ್ಫಾದ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ ರಿಪೇರಿ ಮಾಡುವವರು ಬೇಕಾದಷ್ಟಿದ್ದಾರೆ, ಬಿಡಿಭಾಗವೂ ಸಿಗುತ್ತದೆ. ಟಿಂಕರಿಂಗ್ ಕೆಲಸ ಮಾತ್ರ ಗಾಡಿಯ ಬೆಲೆಯನ್ನೇ ನುಂಗಿಬಿಡುತ್ತದೆ. ಸ್ಪೈಡರ್‌ಗೆ ಮೇಲೆ ಗಟ್ಟಿ ಟಾಪ್ ಇಲ್ಲ, ಹಾಗಾಗಿ ಬಾಗಿಲ ಕೆಳಗಿನ ಸಿಲ್‌ಗಳೇ ಅದರ ಬೆನ್ನೆಲುಬು. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ, ಎತ್ತಿದಾಗಲೇ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಕಚ್ಚಿಕೊಂಡರೆ, ಸಂದು ಬದಲಾದರೆ, ಒಳಗೆ ಕಬ್ಬಿಣ ಉಳಿದಿಲ್ಲ ಅಂತ ಅರ್ಥ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಅದು ಅಂಟದ ಕಡೆ ಪುಟ್ಟಿ ಇದೆ. ಫುಲ್ವಿಯಾದಲ್ಲಾದರೆ ಎಂಜಿನ್ ಹೊತ್ತ ಮುಂದಿನ ಸಬ್‌ಫ್ರೇಮ್ ಬಾಡಿಗೆ ಸೇರುವ ಜಾಗ ನೋಡಿ. ಮಾರುವವನು ಅಲ್ಲಿಗೆ ಟಾರ್ಚ್ ಬಿಡಲು ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಓಡಿಸುವಾಗ ಆಲ್ಫಾದ ಎರಡನೇ ಗೇರ್ ತಣ್ಣಗಿರುವಾಗ ಕಿರ್ ಅನ್ನುವುದು ಮಾಮೂಲಿ. ಅದನ್ನು ತೋರಿಸಿ ಬೆಲೆ ಇಳಿಸಬಹುದು, ಹೆದರಿ ಓಡಬೇಕಾಗಿಲ್ಲ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. 5000 ಯೂರೋ ಅಥವಾ ಅದಕ್ಕಿಂತ ಜಾಸ್ತಿಯಾದರೆ ನಗದು ಕೊಡುವುದು ಕಾನೂನುಬಾಹಿರ. ಬ್ಯಾಂಕ್ ಡ್ರಾಫ್ಟ್ ಇಲ್ಲವೇ ಟ್ರಾನ್ಸ್‌ಫರ್. ಮುಂಗಡ ಕೊಟ್ಟರೆ ಚೀಟಿಯಲ್ಲಿ ಕಪಾರ್ರಾ ಕೊನ್‌ಫೆರ್ಮತೋರಿಯಾ ಅಂತಲೇ ಬರೆಸಿ. ಹಾಗೆ ಬರೆದಿದ್ದರೆ, ಮಾರುವವನು ಮಾತು ತಪ್ಪಿದಾಗ ಎರಡರಷ್ಟು ವಾಪಸ್ ಕೇಳಬಹುದು. ನೀವು ತಪ್ಪಿದರೆ ಕೊಟ್ಟದ್ದು ಹೋಯಿತು. 30 ವರ್ಷ ದಾಟಿದ ಗಾಡಿಗೆ ವರ್ಷದ ರಸ್ತೆ ತೆರಿಗೆ ಇಲ್ಲ, ರಸ್ತೆಗಿಳಿಸಿದರೆ ಸಣ್ಣದೊಂದು ಶುಲ್ಕ ಅಷ್ಟೆ. ಹಳೇ ಗಾಡಿಯ ಇನ್ಶೂರೆನ್ಸ್ ಅಗ್ಗ, ಆದರೆ ಬಹಳ ಕಂಪನಿಗಳು ಕ್ಲಬ್ ಸದಸ್ಯತ್ವ, ಡ್ರೈವರ್ ವಯಸ್ಸು ಎರಡನ್ನೂ ಕೇಳುತ್ತವೆ. ನಗರದೊಳಗೆ ಹೊಗೆ ನಿಯಮದಿಂದ ಹಳೇ ಗಾಡಿಗೆ ನಿರ್ಬಂಧ ಇದೆ. ಐತಿಹಾಸಿಕ ಅಂತ ಪ್ರಮಾಣಪತ್ರ ಇದ್ದರೆ ಎಷ್ಟರ ಮಟ್ಟಿಗೆ ವಿನಾಯಿತಿ ಅನ್ನುವುದು ಪ್ರದೇಶಕ್ಕೊಂದು ಥರ. ಹಾಗಾಗಿ ಆಫೀಸಿಗೆ ದಿನಾ ಇದರಲ್ಲೇ ಹೋಗುವ ಕನಸು ಬಿಡಿ.

ಮುಂದೊಂದು ದಿನ ಫೆರಾರಿ ಅಂತ ಕೊನೇ ಸಾಲಿನಲ್ಲಿ ಬರೆದಿದ್ದೀರಿ. ಬರೆಯಿರಿ, ತಪ್ಪೇನಿಲ್ಲ! ಅದು ಬೇರೆಯದೇ ಲೋಕ. 36 ಮಾತ್ರ ತಯಾರಾದ 250 ಜಿಟಿಒದಲ್ಲಿ ಒಂದು 2018ರಲ್ಲಿ ಹರಾಜಿಗೆ ಬಂದು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅಲ್ಲಿ ಮಾತಾಡುವುದು ವಕೀಲರು.

ಇನ್ನು ಮಾರುವ ಪ್ರಶ್ನೆ. ಮಾರುವುದು ಕಷ್ಟವಲ್ಲ, ಅವಸರದಲ್ಲಿ ಮಾರುವುದು ಕಷ್ಟ. ಕೊಂಡ ದಿನದಿಂದ ನಿಮ್ಮ ಬಿಲ್ಲುಗಳನ್ನೂ ಅದೇ ಫೈಲಿಗೆ ಸೇರಿಸುತ್ತಾ ಹೋಗಿ. ಟಾಪ್ ತೆಗೆಯುವ ಗಾಡಿಯನ್ನು ಏಪ್ರಿಲ್‌ನಲ್ಲಿ ಕೇಳುವವರು ನವೆಂಬರ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಕೊಳ್ಳುವುದು ಚಳಿಗಾಲದಲ್ಲಿ, ಮಾರುವುದು ವಸಂತದಲ್ಲಿ. ಮೊದಲು ಕ್ಲಬ್ಬಿನವರಿಗೆ ಹೇಳಿ, ಆಮೇಲೆ ಜಾಹೀರಾತು. ಜರ್ಮನಿಗೆ ಹೋದರೆ ಗಾಡಿಯನ್ನೂ ಒಯ್ಯಬಹುದು. ಅಲ್ಲಿ 30 ವರ್ಷ ದಾಟಿ, ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಎಚ್ ಅಕ್ಷರದ ಬೇರೆ ಪ್ಲೇಟೇ ಇದೆ. ಆದರೆ ಇಲ್ಲಿನ ಕಪ್ಪು ಪ್ಲೇಟು ಬಿಟ್ಟುಕೊಡಬೇಕಾಗುತ್ತದೆ, ಅದರಿಂದ ಬಂದ ಬೆಲೆಯೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಹೊರಡುವುದು ಖಚಿತವಾದರೆ ಇಲ್ಲೇ ಮಾರಿ ಹೋಗುವುದು ವಾಸಿ.

ಬಿಡಿಭಾಗಗಳ ದೊಡ್ಡ ಸಂತೆ ನೋಡಬೇಕಾದರೆ ಸೆಪ್ಟೆಂಬರ್‌ನಲ್ಲಿ ಇಮೋಲಾಗೆ ಹೋಗಿ, ರೇಸ್ ಟ್ರ್ಯಾಕಿನಲ್ಲೇ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ಬೊಲೋನ್ಯಾದ ಮೇಳವಿದೆ, ಅಲ್ಲಿ ಡೀಲರ್‌ಗಳ ಬೆಲೆ ಏನು ಅಂತ ತಿಳಿಯುತ್ತದೆ. ಎರಡಕ್ಕೂ ಚೆಕ್ ಬುಕ್ ಮನೆಯಲ್ಲೇ ಇಟ್ಟು ಹೋಗಿ. ಅದಕ್ಕೂ ಮುಂಚೆ ಲೈಸೆನ್ಸ್ ಪರೀಕ್ಷೆಗೆ ಹೆಸರು ಕೊಡಿ.