ಬಿರುಕು ಮುಚ್ಚುವ ಮೊದಲು ನೀರಿನ ದಾರಿ ನೋಡಿ

ಮನೆ ಕಟ್ಟಡದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಧಾರವಾಡದ ಸಿವಿಲ್ ಎಂಜಿನಿಯರ್ ಒಬ್ಬರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಡೆ ಬಿರುಕು ಮತ್ತು ತೇವದ ಬಗ್ಗೆಯೇ ಇವೆ. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಲ್ವಾ, ಸಹಜ. ರೋಣದ ಮಾಸ್ತರರ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎರೆಮಣ್ಣಿನ ಮೇಲೆ ಮನೆ ಕಟ್ಟಿದ ಸಾವಿರಾರು ಜನರ ಪ್ರಶ್ನೆ ಅದು.

ಪ್ರಶ್ನೆ: ಮೇಡಂ, ಆರು ವರ್ಷದ ಹಿಂದೆ ಊರ ಹೊರಗೆ ಮನೆ ಕಟ್ಟಿಸಿದೆವು. ಎರೆಭೂಮಿ. ನಾಲ್ಕು ಅಡಿ ಪಾಯ ತೆಗೆದು ಸೈಜ್ ಕಲ್ಲು ಕಟ್ಟಿದ್ದಾರೆ. ಮೇಲೆ ಇಟ್ಟಿಗೆ ಗೋಡೆ, ಒಂದೇ ಅಂತಸ್ತು. ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಏಪ್ರಿಲ್‌ನಲ್ಲಿ ಒಂದು ರೂಪಾಯಿ ನಾಣ್ಯ ತೂರುವಷ್ಟು ಬಾಯಿ ಬಿಡುತ್ತದೆ, ದಸರಾ ಹೊತ್ತಿಗೆ ಸಣ್ಣದಾಗುತ್ತದೆ. ಗೌಂಡಿ ಎರಡು ಸಲ ಸಿಮೆಂಟ್ ತುಂಬಿ ಪುಟ್ಟಿ ಹಚ್ಚಿದ, ಮತ್ತೆ ಬಿಟ್ಟಿತು. ಬುನಾದಿ ಕೆಟ್ಟಿದೆ, ಒಡೆದು ಕಟ್ಟಿ ಅಂತ ಒಬ್ಬರು ಹೇಳುತ್ತಾರೆ. ಹಿತ್ತಲ ಬೇವಿನ ಮರ ಕಡಿಯಿರಿ ಅಂತ ಇನ್ನೊಬ್ಬರು. ಬಚ್ಚಲ ನೀರನ್ನು ಅದೇ ಕಡೆ ಬಾಳೆಗಿಡಗಳಿಗೆ ಬಿಟ್ಟಿದ್ದೇವೆ. ಮನೆಗೆ ಅಪಾಯ ಇದೆಯೇ?
– ಹೈಸ್ಕೂಲ್ ಶಿಕ್ಷಕರು, ರೋಣ

ಉತ್ತರ: ಮಾಸ್ತರರೇ, ಮೊದಲು ಧೈರ್ಯ ತಂದುಕೊಳ್ಳಿ. ನೀವು ಬರೆದಿರುವ ಲಕ್ಷಣ ನೋಡಿದರೆ ಮನೆ ಒಡೆಯುವ ಮಾತೇ ಬರುವುದಿಲ್ಲ. ನಿಮ್ಮ ಪತ್ರದ ಎರಡು ಸಾಲುಗಳಲ್ಲೇ ಅರ್ಧ ಉತ್ತರ ಇದೆ. ಬಿರುಕು ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುತ್ತದೆ ಎನ್ನುವುದು ಒಂದು, ಬಚ್ಚಲ ನೀರು ಬಾಳೆಗೆ ಹೋಗುತ್ತದೆ ಎನ್ನುವುದು ಇನ್ನೊಂದು.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದು ಇದರಿಂದಲೇ. ಇಡೀ ಮನೆಯ ಕೆಳಗೆ ಒಂದೇ ಸಮ ಉಬ್ಬಿ ಒಂದೇ ಸಮ ಕುಗ್ಗಿದರೆ ಗೋಡೆಗೆ ಏನೂ ಆಗುವುದಿಲ್ಲ. ಆದರೆ ಹಾಗಾಗುವುದಿಲ್ಲ. ಮನೆಯ ನಡುವಿನ ಮಣ್ಣು ನೆಲದ ಕೆಳಗೆ ಮುಚ್ಚಿಕೊಂಡು ಹಸಿಯಾಗಿಯೇ ಇರುತ್ತದೆ. ಅಂಚಿನ ಮಣ್ಣು ಬಿಸಿಲಿಗೆ ಒಣಗುತ್ತದೆ. ಆ ಅಂಚಿನಲ್ಲೇ ಬೇವು ನಿಂತು ಉಳಿದ ನೀರನ್ನೂ ಹೀರುತ್ತದೆ. ನಾಲ್ಕು ಹೆಜ್ಜೆ ಆಚೆ ಬಚ್ಚಲ ನೀರು ವರ್ಷವಿಡೀ ನೆನೆಸುತ್ತಿರುತ್ತದೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದರೆ ಗೋಡೆ ತನ್ನ ದುರ್ಬಲ ಜಾಗದಲ್ಲಿ ಸೀಳುತ್ತದೆ. ಕಿಟಕಿ ಬಾಗಿಲಿನ ಮೂಲೆಗಳೇ ಆ ಜಾಗ.

ಈಗ ಬಿರುಕನ್ನು ಸರಿಯಾಗಿ ನೋಡಿ. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಸಾಮಾನ್ಯವಾಗಿ ಮನೆಯ ಮೂಲೆ ಇಳಿದಿದೆ ಎಂದರ್ಥ. ಕೆಳಗೆ ಅಗಲ ಇದ್ದರೆ ಗೋಡೆಯ ನಡುಭಾಗ ಕುಸಿದಿರಬಹುದು. ಅದೇ ಬಿರುಕು ಹೊರಗಿನ ಗೋಡೆಯಲ್ಲೂ ಇದೆಯೇ? ಕೆಳಗೆ ಸೈಜ್ ಕಲ್ಲಿನವರೆಗೂ ಇಳಿದಿದೆಯೇ? ಗಿಲಾವಿನಲ್ಲಿ ಮಾತ್ರ ಇರುವ ಬಿರುಕು ಬೇರೆ, ಬುನಾದಿಗೆ ಇಳಿದ ಬಿರುಕು ಬೇರೆ.

ಆಮೇಲೆ ಅಳತೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಎಡಕ್ಕೊಂದು ಬಲಕ್ಕೊಂದು ಚುಕ್ಕಿ ಇಟ್ಟು ಆ ಎರಡರ ನಡುವಿನ ಅಂತರವನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಪ್ರತಿ ಅಮಾವಾಸ್ಯೆಗೆ ಒಂದು ಸಲ ಅಳೆದು ಬರೆದಿಡಿ, ಆಗ ದಿನ ಮರೆಯುವುದಿಲ್ಲ. ಒಂದು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸಣ್ಣ ಬಿರುಕು, ಎರಡು ದಾಟಿದರೆ ದೊಡ್ಡದು ಅಂತ ನಾವು ಎಣಿಸುತ್ತೇವೆ. ಆದರೆ ಅಗಲಕ್ಕಿಂತ ನಡತೆ ಮುಖ್ಯ. ಪ್ರತಿ ಮಳೆಗಾಲಕ್ಕೆ ಮೊದಲಿನ ಅಳತೆಗೆ ಮರಳುವ ಬಿರುಕು ಮಣ್ಣಿನ ಉಸಿರಾಟ. ವರ್ಷದಿಂದ ವರ್ಷಕ್ಕೆ ಬರೀ ಬೆಳೆಯುತ್ತಲೇ ಹೋಗುವುದು ನಿಜವಾದ ಕುಸಿತ.

ನಾನು ಯಾರ ಮನೆಗೆ ಹೋದರೂ ಮೊದಲು ಒಳಗೆ ಹೋಗುವುದಿಲ್ಲ. ಹೊರಗೆ ಒಂದು ಸುತ್ತು ಹಾಕುತ್ತೇನೆ. ನೀವೂ ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತ ನಡೆಯಿರಿ. ತಾರಸಿಯ ಪೈಪ್ ಎಲ್ಲಿ ಸುರಿಯುತ್ತದೆ, ಗೋಡೆ ಬುಡದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಸಂಪ್ ತುಂಬಿ ಎಲ್ಲಿಗೆ ಹರಿಯುತ್ತದೆ, ಎಲ್ಲವನ್ನೂ ಮೊಬೈಲ್‌ನಲ್ಲಿ ಹಿಡಿದಿಡಿ. ಬಿಸಿಲಿನ ದಿನ ಯಾವ ಎಂಜಿನಿಯರಿಗೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಕೆಲಸ ಶುರು ಮಾಡುವುದು ಬಾಳೆಯಿಂದ. ಬಚ್ಚಲ ನೀರಿಗೆ ಪೈಪ್ ಹಾಕಿಸಿ, ಮನೆಯಿಂದ ಹತ್ತು ಹನ್ನೆರಡು ಅಡಿ ಆಚೆಗಾದರೂ ಒಯ್ಯಿರಿ. ಬಾಳೆಯನ್ನೂ ಅಲ್ಲಿಗೇ ಸಾಗಿಸಿ. ತಾರಸಿ ನೀರನ್ನೂ ಹಾಗೇ ದೂರ ಬಿಡಿ. ನಂತರ ಮನೆ ಸುತ್ತ ಮೂರ್ನಾಲ್ಕು ಅಡಿ ಅಗಲಕ್ಕೆ, ಎರಡು ಅಡಿಯಷ್ಟು ಆಳಕ್ಕೆ ಎರೆಮಣ್ಣು ತೆಗೆಸಿ. ಇಡೀ ಸುತ್ತನ್ನು ಒಂದೇ ಸಲ ಅಗೆಯಬೇಡಿ, ಒಂದೊಂದು ಬದಿ ಮುಗಿಸಿ ಮುಂದೆ ಹೋಗಿ. ಗರಸು ತುಂಬಿ, ನೀರು ಚಿಮುಕಿಸಿ, ಪದರ ಪದರವಾಗಿ ಬಡಿಸಿ. ಅದರ ಮೇಲೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸಿ. ಹಾಸು ಗೋಡೆಗೆ ಅಂಟಿಕೊಳ್ಳಬಾರದು. ನಡುವೆ ಸಣ್ಣ ಸಂದು ಬಿಟ್ಟು ಡಾಂಬರು ತುಂಬಿಸಿ. ಇದರ ಉದ್ದೇಶ ಒಂದೇ: ಬುನಾದಿ ಪಕ್ಕದ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮ ಇರಬೇಕು.

ಬೇವಿನ ಬಗ್ಗೆ ಅವಸರ ಬೇಡ. ಮರ ಹಳೆಯದೋ ಮನೆ ಹಳೆಯದೋ ಮೊದಲು ಹೇಳಿ. ಮನೆ ಕಟ್ಟಿದ ಮೇಲೆ ನೆಟ್ಟ ಮರವಾದರೆ ತೆಗೆದರೂ ಮಣ್ಣು ಹೆಚ್ಚೆಂದರೆ ತನ್ನ ಹಿಂದಿನ ಸ್ಥಿತಿಗೆ ಬರುತ್ತದೆ. ಮನೆಗಿಂತ ಹಳೆಯ ಮರವನ್ನು ಕಡಿದರೆ, ಅದು ಅಷ್ಟು ವರ್ಷ ಒಣಗಿಸಿಟ್ಟಿದ್ದ ಮಣ್ಣು ನೀರು ಕುಡಿದು ಉಬ್ಬಿ ಬುನಾದಿಯನ್ನೇ ಎತ್ತಬಹುದು. ನಿಮ್ಮದು ಹಳೆಯ ಮರವಾದರೆ ಕೊಂಬೆ ಸವರಿಸಿ ಸಾಕು. ಎಲೆ ಕಡಿಮೆಯಾದರೆ ಅದು ಎಳೆಯುವ ನೀರೂ ಕಡಿಮೆ.

ಬಿರುಕು ಮುಚ್ಚುವುದು ಕೊನೆಯ ಕೆಲಸ. ಏಪ್ರಿಲ್‌ನಲ್ಲಿ ಪೂರ್ತಿ ಬಾಯಿ ಬಿಟ್ಟಾಗ ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಗೋಡೆ ಮುಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಆಗ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ನಿಮ್ಮ ಗೌಂಡಿಯ ಕೆಲಸ ಬಾಳಿಕೆ ಬಾರದೇ ಹೋಗಿದ್ದು ಇದಕ್ಕೇ. ನೀರಿನ ಕೆಲಸ ಮುಗಿಸಿ ಒಂದು ವರ್ಷದ ಅಳತೆ ನೋಡಿ. ಬಿರುಕು ತೆರೆದು ಮುಚ್ಚುವುದು ಕಡಿಮೆಯಾದ ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿಸಿ. ಬೇಕಾದರೆ ಇಟ್ಟಿಗೆ ಸಾಲುಗಳ ನಡುವೆ ಸಣ್ಣ ಸರಳು ಕೂರಿಸಿ ಹೊಲಿಗೆ ಹಾಕಿಸಬಹುದು.

ಬುನಾದಿಯನ್ನೇ ಕಣ್ಣಾರೆ ನೋಡಬೇಕು ಅನಿಸಿದರೆ ಬೇಸಿಗೆಯಲ್ಲಿ ಆ ಮೂಲೆಯ ಹತ್ತಿರ ಎರಡು ಮೂರು ಅಡಿ ಅಗಲದ ಒಂದೇ ಗುಂಡಿ ತೆಗೆಸಿ. ಕಲ್ಲಿನ ಸಂದಿನ ಗಾರೆಯನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿ. ಪುಡಿಯಾಗಿ ಉದುರಿದರೆ, ಕಲ್ಲಿನ ಕೆಳಗೆ ಟೊಳ್ಳು ಕಂಡರೆ, ಬೇರು ತೂರಿದ್ದರೆ ಫೋಟೋ ತೆಗೆದು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಗೋಡೆಯುದ್ದಕ್ಕೂ ಅಗೆಯಬೇಡಿ. ಗುಂಡಿಯನ್ನು ಅದೇ ದಿನ ಗರಸು ಬಡಿದು ಮುಚ್ಚಿ.

ಕೆಲವು ಲಕ್ಷಣಗಳಿಗೆ ಮಾತ್ರ ಅಮಾವಾಸ್ಯೆ ಕಾಯಬಾರದು. ತಿಂಗಳೊಪ್ಪತ್ತಿನಲ್ಲಿ ಬಿರುಕು ಎರಡರಷ್ಟಾಗುವುದು, ಸಲೀಸಾಗಿದ್ದ ಬಾಗಿಲು ಏಕಾಏಕಿ ಹಿಡಿದುಕೊಳ್ಳುವುದು, ತೂಗುಗುಂಡು ಬಿಟ್ಟರೆ ಗೋಡೆ ವಾಲಿರುವುದು, ಕಾಲಂ ಅಥವಾ ಬೀಮ್‌ನಲ್ಲೇ ಬಿರುಕು. ಇವುಗಳಲ್ಲಿ ಒಂದು ಕಂಡರೂ ಆ ಕೋಣೆ ಖಾಲಿ ಮಾಡಿ, ಅದೇ ದಿನ ಎಂಜಿನಿಯರನ್ನು ಕರೆಸಿ.

ನೀವು ಮೇಷ್ಟ್ರು, ಅದಕ್ಕೆ ಇನ್ನೊಂದು ಮಾತು. ಶಾಲೆಯ ಲ್ಯಾಬಿನಲ್ಲಿ ಮಕ್ಕಳ ಜೊತೆ ಇದನ್ನು ಮಾಡಿ ನೋಡಿ. ಒಣಗಿಸಿ ಪುಡಿ ಮಾಡಿ ಸಣ್ಣ ಜರಡಿ ಹಿಡಿದ ಎರೆಮಣ್ಣು ಹತ್ತು ಹತ್ತು ಗ್ರಾಂ ತೂಗಿ 100 ಮಿಲಿಲೀಟರ್‌ನ ಎರಡು ಅಳತೆ ಜಾಡಿಗೆ ಹಾಕಿ. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ಎರಡರ ಮಟ್ಟ ನೋಡಿ. ಮಣ್ಣು ಪರೀಕ್ಷೆಯ ಭಾರತೀಯ ಮಾನಕದಲ್ಲಿ ಇರುವ ವಿಧಾನವೇ ಇದು. ಆ ಮಕ್ಕಳಲ್ಲಿ ಯಾರಾದರೂ ಮುಂದೆ ಮನೆ ಕಟ್ಟುವಾಗ ನಾಲ್ಕು ಅಡಿಗೆ ಪಾಯ ನಿಲ್ಲಿಸುವ ಮೊದಲು ಯೋಚಿಸುತ್ತಾರೆ. ಇಂಥ ಮಣ್ಣಿಗೆ ಅಂಡರ್ ರೀಮ್ಡ್ ಪೈಲ್ ಎಂಬ ವಿಧಾನ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ್ದು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ಬುಡದಲ್ಲಿ ಕೊಡದ ಹೊಟ್ಟೆಯಂತೆ ಎರಡೂವರೆ ಪಟ್ಟು ಅಗಲ ಮಾಡಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಅಷ್ಟು ಆಳದಲ್ಲಿ ಬೇಸಿಗೆ ಮಳೆಗಾಲದ ಏರುಪೇರು ಬಹಳ ಕಡಿಮೆ. ಹೊಸ ಮನೆಗೆ ಇದು ಒಳ್ಳೆಯ ದಾರಿ. ನಿಮ್ಮ ಈಗಿನ ಮನೆಗೆ ಬೇಕಿಲ್ಲ.

ಪ್ರಶ್ನೆ: ಅಕ್ಕ, ನಮ್ಮದು ಮುರಕಲ್ಲಿನ ಮನೆ. ಒಳಗಿನ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ತೇವ. ಪೈಂಟ್ ಏಳುತ್ತದೆ, ಬಿಳಿ ಪುಡಿ ಉದುರುತ್ತದೆ. ವಾಟರ್‌ಪ್ರೂಫ್ ಪೈಂಟ್ ಹೊಡೆಸಿದರೂ ಒಂದೇ ಮಳೆಗಾಲಕ್ಕೆ ಹೋಯಿತು. ಮೊದಲು ಹೀಗಿರಲಿಲ್ಲ, ಮೂರು ವರ್ಷದಿಂದ ಶುರು.
– ಗೃಹಿಣಿ, ಪುತ್ತೂರು

ಉತ್ತರ: ತಂಗೀ, ಮೂರು ವರ್ಷದ ಹಿಂದೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದಿರಾ? ಕರಾವಳಿಯಿಂದ ಇಂಥ ಪತ್ರ ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಇದು. ಬುನಾದಿಯ ಮೇಲೆ, ಗೋಡೆ ಶುರುವಾಗುವಲ್ಲಿ, ನೆಲದ ತೇವ ಮೇಲೇರದಂತೆ ಕಾಂಕ್ರೀಟಿನ ಒಂದು ಪಟ್ಟಿ ಇರುತ್ತದೆ. ಅಂಗಳ ಎತ್ತರಿಸಿದಾಗ ಹೊರಗಿನ ಮಣ್ಣು ಆ ಪಟ್ಟಿಯನ್ನೂ ದಾಟಿ ಗೋಡೆಗೆ ತಾಗುತ್ತದೆ. ಮುರಕಲ್ಲಿನ ತುಂಬಾ ರಂಧ್ರ, ನೀರು ಸುಲಭವಾಗಿ ಏರುತ್ತದೆ. ನೀರು ಆರಿದಾಗ ಅದರೊಳಗಿನ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ಗೋಡೆಯ ಒಣಗಿದಂತೆ ಕಾಣುವ ಜಾಗಕ್ಕೆ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆಯ ಮುಖದಲ್ಲಿ ಹನಿ ಇದ್ದರೆ ತೇವ ಗೋಡೆಯೊಳಗಿನದು. ಕೋಣೆ ಕಡೆ ಇದ್ದರೆ ಗಾಳಿಯ ತೇವ, ಅದಕ್ಕೆ ಕಿಟಕಿ ತೆರೆದರೆ ಸಾಕು.

ಗೋಡೆಯದೇ ಆದರೆ ಗೋಡೆ ಪಕ್ಕದ ಎರಡು ಅಡಿ ಇಂಟರ್‌ಲಾಕ್ ಎಬ್ಬಿಸಿ, ಮನೆಯ ಒಳನೆಲಕ್ಕಿಂತ ಒಂದು ಅಡಿಯಾದರೂ ಕೆಳಗೆ ಇಳಿಸಿ, ಚರಂಡಿ ಮಾಡಿಸಿ. ಒಳಗೆ ಕಲೆಯಿಂದ ಒಂದೂವರೆ ಅಡಿ ಮೇಲಿನವರೆಗೆ ಗಾರೆ ಕೆತ್ತಿಸಿ ಗೋಡೆ ಆರಲು ಬಿಡಿ. ಬೇಸಿಗೆ ಪೂರ್ತಿ ಬೇಕಾಗಬಹುದು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರಲ್ಲಿ ತೊಳೆದರೆ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಆಮೇಲೆ ಸುಣ್ಣದ ಗಾರೆ, ಸುಣ್ಣದ ಬಣ್ಣ. ನೀರು ಒಳಗಿರುವಾಗ ಮೇಲೆ ಪ್ಲಾಸ್ಟಿಕ್‌ನಂಥ ಪೈಂಟ್ ಬಳಿದರೆ ತೇವ ಇನ್ನೂ ಎತ್ತರಕ್ಕೆ ಏರುತ್ತದೆ, ಬೇರೇನೂ ಆಗುವುದಿಲ್ಲ. ಹಾಗೇ ಬಾಗಿಲ ಚೌಕಟ್ಟಿನ ಬುಡ ತಟ್ಟಿ ನೋಡಿ. ತೇವ ಇದ್ದಲ್ಲಿ ಗೆದ್ದಲು ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ 30x40 ಸೈಟ್ ನೋಡಿದ್ದೇವೆ. ಬೆಲೆ ಕಡಿಮೆ. ಮೊದಲು ಕೆರೆಯಂಗಳ ಆಗಿತ್ತು ಅಂತ ಪಕ್ಕದವರು ಹೇಳುತ್ತಾರೆ. ತೆಗೆದುಕೊಳ್ಳಬಹುದೇ?
– ಐಟಿ ಉದ್ಯೋಗಿ

ಉತ್ತರ: ಮೊದಲು ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆ ನೋಡಿ. ಕೆರೆ, ರಾಜಕಾಲುವೆ ಅದರಲ್ಲಿ ಇರುತ್ತವೆ. ದಿಶಾಂಕ್ ಆ್ಯಪ್‌ನಲ್ಲಿ ಸೈಟಿನ ಮೇಲೆ ನಿಂತೇ ಸರ್ವೆ ನಂಬರ್ ತಿಳಿಯಬಹುದು. ಸರ್ಕಾರಿ ಕೆರೆಯ ಜಾಗವಾದರೆ ಮುಂದೆ ಮಾತೇ ಬೇಡ, ಬಿಟ್ಟುಬಿಡಿ. ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಕಟ್ಟಿದ್ದು ಹೊಸತಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗ. ಆದರೆ ನೀವು ಕಟ್ಟುವುದು ಸಾಲ ಮಾಡಿ, ಮಕ್ಕಳಿರುವ ಮನೆ.

ದಾಖಲೆ ಸರಿ ಇದ್ದರೂ ಮುಂಗಡ ಕೊಡುವ ಮೊದಲು ಮಾಲೀಕರ ಒಪ್ಪಿಗೆ ಪಡೆದು ಐದಾರು ಅಡಿ ಗುಂಡಿ ತೆಗೆಸಿ. ಒಡೆದ ಟೈಲ್ಸ್, ಪ್ಲಾಸ್ಟಿಕ್, ಕಪ್ಪು ವಾಸನೆಯ ಕೆಸರು ಬಂದರೆ ಅದು ತುಂಬಿದ ಮಣ್ಣು. ಅದರ ಮೇಲೆ ಮಾಮೂಲಿ ಪಾಯ ನಿಲ್ಲುವುದಿಲ್ಲ. ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರಿಂದ ಬುನಾದಿಯ ಖರ್ಚು ಬರೆಸಿಕೊಳ್ಳಿ. ಅದನ್ನು ಸೇರಿಸಿದರೆ ಬೆಲೆ ನಿಜವಾಗಿ ಕಡಿಮೆಯೋ ಇಲ್ಲವೋ ತಿಳಿಯುತ್ತದೆ.

ಪ್ರಶ್ನೆ: ಪಕ್ಕದ ಸೈಟಿನವರು ಸೆಲ್ಲಾರ್‌ಗೆ ನಮ್ಮ ಗೋಡೆಗೆ ತಾಗಿಯೇ ಹತ್ತು ಅಡಿ ಅಗೆದಿದ್ದಾರೆ. ನಮ್ಮ ಪಾಯ ಐದೇ ಅಡಿ. ಹಾಲ್‌ನಲ್ಲಿ ನೆಲ ಮತ್ತು ಗೋಡೆ ನಡುವೆ ಗೆರೆ ಕಾಣುತ್ತಿದೆ.
– ನಿವೃತ್ತ ನೌಕರರು, ಮೈಸೂರು

ಉತ್ತರ: ನಿಮಗೆ ಫೋನಿನಲ್ಲಿ ಹೇಳಿದ್ದನ್ನೇ ಬೇರೆಯವರಿಗೂ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಈ ಪತ್ರ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ. ನಿಮ್ಮ ಬುನಾದಿಗಿಂತ ಆಳಕ್ಕೆ, ಪಕ್ಕದಲ್ಲೇ ಅಗೆದರೆ ಬುನಾದಿಯ ಕೆಳಗಿನ ಮಣ್ಣು ಆ ಗುಂಡಿಗೆ ಜಾರುತ್ತದೆ. ಮಳೆ ಬಂದರೆ ಒಂದೇ ರಾತ್ರಿ ಸಾಕು. ಆ ಬದಿಯ ಕೋಣೆಗಳಲ್ಲಿ ಮಲಗಬೇಡಿ. ಎಲ್ಲ ಗೋಡೆಗಳ ಫೋಟೋ ತಾರೀಖು ಸಮೇತ ತೆಗೆದಿಡಿ. ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಕ್ಕದವರ ಎಂಜಿನಿಯರ್ ಜೊತೆ ಜಗಳವಿಲ್ಲದೆ ಮಾತಾಡಿ. ಅಗೆತ ನಿಲ್ಲಿಸಿ, ನಿಮ್ಮ ಗೋಡೆಯ ಬುಡಕ್ಕೆ ಮಣ್ಣಿನ ಮೂಟೆ ಪೇರಿಸಿ ಆನಿಕೆ ಕೊಡಲಿ. ಗುಂಡಿಗೆ ನೀರು ಹೋಗದಂತೆ ಒಡ್ಡು ಹಾಕಲಿ. ಮುಂದಿನ ಅಗೆತ ಏನಿದ್ದರೂ ನಾಲ್ಕೈದು ಅಡಿಯ ತುಂಡು ತುಂಡಾಗಿ, ಒಂದು ತುಂಡಿಗೆ ತಡೆಗೋಡೆ ಕಟ್ಟಿದ ಮೇಲೆ ಇನ್ನೊಂದು. ಇದನ್ನು ಅವರಿಂದ ಬರವಣಿಗೆಯಲ್ಲಿ ಪಡೆಯಿರಿ, ನಿಮ್ಮ ಕಡೆಯ ಎಂಜಿನಿಯರ್ ಒಬ್ಬರು ದಿನಾ ಬಂದು ನೋಡುವ ಏರ್ಪಾಡು ಮಾಡಿ.